ಆಯುಧಾಂಕಿತಗಳು: ಯುರೋಪದ ಹಳೆಯ ಪಿಸ್ತೂಲುಗಳ ಮೇಲಣ ಪೊಲೀಸು ಮುದ್ರೆಗಳನ್ನು ಗುರುತಿಸುವ ಕ್ರಮ

ಶಿಲೆ, ತಾಮ್ರಪಟ, ನಾಣ್ಯ ಈ ಮೂರರ ಮೇಲಣ ಬರಹವನ್ನೋದಿ ಇತಿಹಾಸವನ್ನು ನಿರ್ಣಯಿಸುವ ಪದ್ಧತಿಯು ನಮ್ಮಲ್ಲಿ ಚೆನ್ನಾಗಿ ಬೇರೂರಿರುವದು. ಬಾದಾಮಿಯ ಬಂಡೆಯ ಮೇಲೆ ಶಕ 465ರ (ಕ್ರಿ. ಶ. 543) ಒಂದನೆಯ ಪುಲಕೇಶಿಯ ಶಾಸನವನ್ನೂ, ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿಯಲ್ಲಿ ಶಕ 556ರ (ಕ್ರಿ. ಶ. 634) ರವಿಕೀರ್ತಿಯ ಪ್ರಶಸ್ತಿಯನ್ನೂ ಪಡೆದಿರುವ ನಾಡಿಗೆ ಈ ಪದ್ಧತಿಯ ಹಿರಿಮೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಕಬ್ಬಿಣದ ಆಯುಧಗಳ ಮೇಲೆ ಒತ್ತಿದ ಚಿಕ್ಕ ಅಕ್ಷರ, ಕಿರೀಟ, ಹಕ್ಕಿ, ಬಾಣ ಮೊದಲಾದವೂ ಒಂದು ಬಗೆಯ ಶಾಸನಗಳೇ ಎಂಬದರ ಕಡೆಗೆ ವಿದ್ವಾಂಸರ ಲಕ್ಷ್ಯವು ಸಾಕಷ್ಟು ಹರಿದಿಲ್ಲ. ಹಳೆಯ ವಾಡೆಗಳಲ್ಲಿಯೂ ವಸ್ತುಸಂಗ್ರಹಗಳಲ್ಲಿಯೂ ಯುರೋಪದ ಒಂದು ಪಿಸ್ತೂಲು ಕಂಡಾಗ, ಅದರ ಮೇಲೆ ಎರಡು ಅಕ್ಷರಗಳಿದ್ದರೆ ಸಾಕು, ‘ಇದು ಪೊಲೀಸರದು’ ಎಂದು ಹೇಳಿಬಿಡುವ ರೂಢಿಯುಂಟು. ಈ ರೂಢಿಯಿಂದ ಇತಿಹಾಸಕ್ಕೂ ಕೊಳ್ಳುವವನಿಗೂ ಹಾನಿ. ಅಕ್ಷರವನ್ನು ಉಜ್ಜಿ ಹೊಳೆಯಿಸಲು ಹೊರಟವನಿಗಂತೂ ಕಾಯಿದೆಯ ಭಯವೂ ಇರುವದು. ಆದಕಾರಣ ಪೊಲೀಸು ಮುದ್ರೆಯನ್ನು ಉಳಿದ ಮುದ್ರೆಗಳಿಂದ ಬೇರ್ಪಡಿಸಿ ಗುರುತಿಸುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವದು.

ಈ ಲೇಖನದ ಸಿದ್ಧಾಂತವು ಒಂದೇ. ಆಯುಧದ ಮೇಲಣ ಪೊಲೀಸು ಮುದ್ರೆಯು ಅಲಂಕಾರವಲ್ಲ, ಕಾರ್ಖಾನೆಯ ಹೆಸರೂ ಅಲ್ಲ. ‘ಇದು ಪ್ರಜೆಯದಲ್ಲ, ಆಳುವವರದು’ ಎಂಬ ಸ್ವಾಮ್ಯದ ಘೋಷಣೆಯದು. ಸ್ವಾಮ್ಯವನ್ನು ಹೇಳುವ ಯಾವ ಲೇಖ್ಯವನ್ನೂ ಪರೀಕ್ಷಿಸದೆ ನಂಬಬಾರದೆಂದು ನಮ್ಮ ಧರ್ಮಶಾಸ್ತ್ರಕಾರರು ಹೇಳಿದ ನ್ಯಾಯವು ಇದಕ್ಕೂ ಸಲ್ಲುವದು.

ಹಲಗಲಿಯ ಪ್ರಸಂಗ

ಆಯುಧದ ಸ್ವಾಮ್ಯವೆಂಬದು ಈ ಪ್ರಾಂತಕ್ಕೆ ಬರಿಯ ಪಾಂಡಿತ್ಯದ ವಿಷಯವಲ್ಲ. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆಯೆದ್ದ ತರುವಾಯ ಕಂಪನಿ ಸರಕಾರವು ಆ ವರ್ಷದ 28ನೆಯ ಕಾಯಿದೆಯ ಮೂಲಕ ಆಯುಧಗಳನ್ನು ತಯಾರಿಸುವ, ಮಾರುವ, ಇಟ್ಟುಕೊಳ್ಳುವ ಹಕ್ಕುಗಳನ್ನು ಕಟ್ಟಿಗೆ ಒಳಪಡಿಸಿತು. ಆಗ ಮುಧೋಳ ಸಂಸ್ಥಾನದಲ್ಲಿದ್ದು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆಯ ಸಾಧನ, ಸೇವೆಯ ಸಾಧನ, ಮಾನದ ಗುರುತು. ಅವರು ಆಯುಧಗಳನ್ನು ಒಪ್ಪಿಸಲೊಲ್ಲದೆ ನಿಂತರು. 1857ರ ನವೆಂಬರದ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರದಲ್ಲಿ ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ವೀರರ ಹೆಸರುಗಳು ಲಾವಣಿಯಲ್ಲಿ ಉಳಿದುವು. ಆ ಲಾವಣಿಯನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದವರು ಮುಂಬಯಿ ಇಲಾಖೆಯ ಅಧಿಕಾರಿಗಳೂ ಶಾಸನತಜ್ಞರೂ ಆಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟರು.

ಪ್ರಜೆಗಳ ಆಯುಧಗಳನ್ನು ತೆಗೆದುಕೊಳ್ಳುವ ಸರಕಾರವು ತನ್ನ ಆಯುಧಗಳಿಗೆ ಗುರುತು ಹಾಕಬೇಕಾಗುವದು. ಇಲ್ಲದಿದ್ದರೆ ತನ್ನದಾವುದು, ಅಡಗಿಸಿಟ್ಟುದಾವುದು ಎಂಬ ಭೇದವೇ ತಿಳಿಯದು. ಇದಕ್ಕೆ ಯುರೋಪದಲ್ಲಿಯೇ ಸ್ಪಷ್ಟವಾದ ದೃಷ್ಟಾಂತವುಂಟು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು 1920ರಲ್ಲಿ ಜನರಿಂದ ಆಯುಧಗಳನ್ನು ಹಿಂದಕ್ಕೆ ಪಡೆಯುವ ಕಾಯಿದೆಯನ್ನು ಮಾಡಿತು. ಆ ಕಾಲದಲ್ಲಿಯೇ ಸರಕಾರದ ವಶದಲ್ಲಿದ್ದ ಲೂಗರ್ ಪಿಸ್ತೂಲುಗಳ ನಳಿಗೆಯ ಬುಡದ ಮೇಲ್ಗಡೆಗೆ ‘1920’ ಎಂಬ ಅಂಕಿಯನ್ನು ಒತ್ತಿದರು. ಕೆಲವು ಪಿಸ್ತೂಲುಗಳಲ್ಲಿ ‘1917’, ‘1920’ ಹೀಗೆ ಎರಡು ವರ್ಷಗಳು ಕಾಣುವದಕ್ಕೆ ಇದೇ ಕಾರಣ. ಮೊದಲಿನದು ಹುಟ್ಟಿದ ವರ್ಷ, ಎರಡನೆಯದು ಸ್ವಾಮ್ಯದ ಗುರುತು. ಇದನ್ನರಿಯದವರು ಎರಡನೆಯ ಅಂಕಿಯನ್ನೂ ತಯಾರಿಕೆಯ ವರ್ಷವೆಂದೆಣಿಸಿ ಮೋಸಹೋಗುವರು.

ಮುದ್ರೆಗಳ ಐದು ವರ್ಗಗಳು

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಮಾಡಿಸಿದವಳು ಲೋಕಮಹಾದೇವಿ. ಕಟ್ಟಿದ ಸೂತ್ರಧಾರಿಯು ಅನಿವಾರಿತಾಚಾರಿಯೆಂಬ ಬಿರುದಿನ ಗುಂಡ. ಇಬ್ಬರ ಹೆಸರುಗಳೂ ಅಲ್ಲಿಯ ಶಾಸನಗಳಲ್ಲಿ ಇರುವವು. ಆದರೆ ಸೂತ್ರಧಾರಿಯ ಹೆಸರನ್ನು ಕಂಡು ಗುಡಿಯು ಅವನದೆಂದು ಯಾರೂ ಹೇಳುವದಿಲ್ಲ. ಪಿಸ್ತೂಲಿನ ಮೇಲಣ ಮುದ್ರೆಗಳಲ್ಲಿಯೂ ಹೀಗೆಯೇ ಅಧಿಕಾರಭೇದವನ್ನು ಕಾಣಬೇಕು. ಅವು ಐದು ವರ್ಗದವು.

ಮೊದಲನೆಯದು ಕರ್ತೃಮುದ್ರೆ, ಎಂದರೆ ತಯಾರಿಸಿದವರ ಹೆಸರು, ಮಾದರಿಯ ಹೆಸರು, ಕ್ರಮಸಂಖ್ಯೆ. ಎರಡನೆಯದು ಪರೀಕ್ಷಾಮುದ್ರೆ. ನಳಿಗೆಯಲ್ಲಿ ವಾಡಿಕೆಗಿಂತ ಬಲವಾದ ಮದ್ದನ್ನು ಹಾಕಿ ಹಾರಿಸಿ, ಅದು ಸಿಡಿಯಲಿಲ್ಲವೆಂದು ಪರೀಕ್ಷಾಗೃಹದವರು ಒತ್ತುವ ಗುರುತು ಇದು. ಮೂರನೆಯದು ಸ್ವೀಕಾರಮುದ್ರೆ, ಸರಕಾರದ ತಪಾಸಣಾಧಿಕಾರಿಯು ಕಾರ್ಖಾನೆಯಿಂದ ಮಾಲನ್ನು ಒಪ್ಪಿಕೊಳ್ಳುವಾಗ ಹಾಕುವಂಥದು. ನಾಲ್ಕನೆಯದು ಸ್ವಾಮ್ಯಮುದ್ರೆ, ಯಾವ ಇಲಾಖೆಯದು, ಯಾವ ಠಾಣೆಯದು, ಅಲ್ಲಿ ಎಷ್ಟನೆಯದು ಎಂಬದನ್ನು ಇದು ತಿಳಿಸುವದು. ಐದನೆಯದು ವಿಮೋಚನಮುದ್ರೆ, ಸರಕಾರವು ಆಯುಧವನ್ನು ಮಾರಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತೆಂಬದರ ಗುರುತು. ಪೊಲೀಸು ಮುದ್ರೆಯೆಂಬದು ಮೂರನೆಯ ಮತ್ತು ನಾಲ್ಕನೆಯ ವರ್ಗಗಳಲ್ಲಿ ಮಾತ್ರ ಇರಬಲ್ಲದು. ಮೊದಲ ಎರಡು ವರ್ಗದವನ್ನು ಪೊಲೀಸು ಮುದ್ರೆಯೆಂದು ಓದುವದೇ ಎಲ್ಲ ಭ್ರಾಂತಿಗಳ ಮೂಲ.

ಇಂಗ್ಲಿಷರ ಮುದ್ರೆಗಳು

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವವು ಇಂಗ್ಲೆಂಡದ ಆಯುಧಗಳು. ಈಸ್ಟ್ ಇಂಡಿಯಾ ಕಂಪನಿಯ ಬಂದೂಕು ಪಿಸ್ತೂಲುಗಳ ಮೇಲೆ ಮೊದಲು ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳುಳ್ಳ ಮುದ್ರೆಯಿತ್ತು. 1808ರ ಸುಮಾರಿಗೆ ಅದರ ಬದಲು ಹಿಂಗಾಲುಗಳ ಮೇಲೆ ನಿಂತ ಸಿಂಹದ ಮುದ್ರೆಯು ಬಂದಿತು. ಬ್ರಿಟಿಷ ಸರಕಾರದ ಸ್ವತ್ತಿಗೆ ಅಗಲವಾದ ಬಾಣದ ಮೊನೆಯೇ ಗುರುತು. ಅದರ ಕೆಳಗೆ ‘ಐ’ ಎಂಬ ಇಂಗ್ಲಿಷ ಅಕ್ಷರವಿದ್ದರೆ ಹಿಂದುಸ್ಥಾನ ಸರಕಾರದ ಸ್ವತ್ತೆಂದು ಅರ್ಥ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ಎದುರುಬದುರಾಗಿ ನಿಂತಿದ್ದರೆ ಅದು ವಿಮೋಚನಮುದ್ರೆ. ಒಂದೇ ಬಾಣವನ್ನು ಕಂಡು ‘ಸರಕಾರದ್ದು’ ಎನ್ನುವದಕ್ಕೆ ಮುಂಚೆ ಅದರೆದುರು ಇನ್ನೊಂದು ಇರುವದೋ ಎಂದು ನೋಡುವದು ಅವಶ್ಯ.

ಇಲ್ಲಿ ಮುಂಬಯಿ ಕರ್ನಾಟಕದವರನ್ನು ವಿಶೇಷವಾಗಿ ಮರುಳುಗೊಳಿಸುವ ಒಂದು ಮುದ್ರೆಯುಂಟು. ಕಿರೀಟದ ಕೆಳಗೆ ‘ಬಿ. ಪಿ.’ ಎಂಬ ಅಕ್ಷರಗಳಿರುವವು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು 1956ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದ ಕಾರಣ ಇದನ್ನು ‘ಬಾಂಬೆ ಪೊಲೀಸ’ ಎಂದು ಬಿಡಿಸುವ ಮೋಹವು ಸಹಜ. ಆದರೆ ಇದು 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1904ರಿಂದ ಬಳಸತೊಡಗಿದ ಪರೀಕ್ಷಾಮುದ್ರೆ. ಅದರ ಜತೆಗೆ ‘ಬಿ. ವಿ.’, ‘ಎನ್. ಪಿ.’ ಎಂಬ ಕಿರೀಟಮುದ್ರೆಗಳೂ ಇರುವದುಂಟು. ಒಂದು ಕಣ್ಣಳತೆಯ ತಪಾಸಣೆಯದು, ಇನ್ನೊಂದು ಹೊಗೆಯಿಲ್ಲದ ಮದ್ದಿನ ಪರೀಕ್ಷೆಯದು. ನೆರೆಯ ಮುದ್ರೆಗಳೊಡನೆ ಓದಿದರೆ ಭ್ರಾಂತಿಯು ತಾನೇ ಹರಿಯುವದು. ಅಂತೆಯೇ ಅಂಡಾಕಾರದೊಳಗೆ ‘ಇ. ಎಲ್. ಜಿ.’ ಎಂದಿದ್ದರೆ ಅದು ಬೆಲ್ಜಿಯಮಿನ ಲಿಯೇಜ್ ಪಟ್ಟಣದ ಪರೀಕ್ಷಾಗೃಹದ್ದು, ಯಾವ ಪೊಲೀಸು ದಳದ್ದೂ ಅಲ್ಲ.

ಮಾದರಿಯ ಹೆಸರಿನಿಂದ ಹುಟ್ಟುವ ಭ್ರಾಂತಿಯು ಇದಕ್ಕಿಂತ ಸೂಕ್ಷ್ಮವಾದುದು. ವೆಬ್ಲಿ ಕಂಪನಿಯು 1868ರ ಸುಮಾರಿಗೆ ತಯಾರಿಸಿದ ಒಂದು ಗಿಡ್ಡ ರಿವಾಲ್ವರನ್ನು ಐರ್ಲೆಂಡದ ಪೊಲೀಸು ದಳವಾದ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯು ಆರಿಸಿಕೊಂಡಿತು. ಆ ಕೀರ್ತಿಯಿಂದ ಕಂಪನಿಯು ಮಾದರಿಗೇ ‘ಆರ್. ಐ. ಸಿ.’ ಎಂದು ಹೆಸರಿಟ್ಟು, ಹಾಗೆಂದು ಅಚ್ಚೊತ್ತಿ, ಸಾಮ್ರಾಜ್ಯದ ಮೂಲೆಮೂಲೆಗೆ ಖಾಸಗಿಯವರಿಗೆ ಮಾರಿತು. ಆದುದರಿಂದ ಆ ಮೂರಕ್ಷರಗಳು ಕರ್ತೃಮುದ್ರೆಯ ವರ್ಗದವು. ಅವುಗಳಿಂದ ಐರಿಷ ಪೊಲೀಸರ ಸ್ವಾಮ್ಯವು ಸಿದ್ಧವಾಗದು. ಮೀಮಾಂಸಕರು ಹೇಳುವ ಆರು ಪ್ರಮಾಣಗಳಲ್ಲಿ ಸಮಾಖ್ಯೆಯು, ಎಂದರೆ ಹೆಸರು, ಎಲ್ಲಕ್ಕಿಂತ ದುರ್ಬಲವೆಂಬದನ್ನು ಇಲ್ಲಿ ನೆನೆಯಬಹುದು.

ಜರ್ಮನಿಯ ಮುದ್ರೆಗಳು

ಪೊಲೀಸು ಮುದ್ರೆಗಳು ಕ್ರಮಬದ್ಧವಾಗಿ ಬೆಳೆದ ದೇಶವು ಜರ್ಮನಿ. ಅಲ್ಲಿಯ ಸೇನೆಯು 1908ರಲ್ಲಿ ಸ್ವೀಕರಿಸಿದ ಲೂಗರ್ ಪಿಸ್ತೂಲನ್ನು ಯುದ್ಧಾನಂತರ ಪೊಲೀಸರೂ ಬಳಸಿದರು. ಪ್ರಶಿಯಾ ಪ್ರಾಂತದ ಆಡಳಿತವು ಪೊಲೀಸು ಆಯುಧಗಳಿಗೆ ಗುರುತು ಹಾಕುವ ನಿಯಮಗಳನ್ನು 1922ರಲ್ಲಿ ಹೊರಡಿಸಿ, 1932ರಲ್ಲಿ ಅವನ್ನು ತಿದ್ದಿತು. ಈ ಸ್ವಾಮ್ಯಮುದ್ರೆಯ ಸ್ಥಾನವು ಸಾಮಾನ್ಯವಾಗಿ ಹಿಡಿಕೆಯ ಮುಂಬದಿಯ ಲೋಹದ ಪಟ್ಟಿ. ಮೊದಲನೆಯ ಅಕ್ಷರವು ದಳವನ್ನು ಹೇಳುವದು: ‘ಎಸ್’ ಎಂದರೆ ಶುಟ್ಸ್‌ಪೊಲಿಟ್ಸೈ, ಪಟ್ಟಣಗಳ ರಕ್ಷಣೆಯ ಪೊಲೀಸು, ‘ಎಲ್’ ಎಂದರೆ ಲಾಂಟ್‌ಯೇಗರೈ, ಹಳ್ಳಿಗಾಡಿನ ಪೊಲೀಸು. ಮುಂದಿನ ಅಕ್ಷರವು ಪ್ರದೇಶವನ್ನೂ, ಅಂಕಿಗಳು ವಿಭಾಗವನ್ನೂ ಆಯುಧದ ಕ್ರಮವನ್ನೂ ತಿಳಿಸುವವು. ‘ಎಸ್. ಡಿ.’ ಎಂದು ಆರಂಭವಾದರೆ ಡ್ಯುಸೆಲ್‌ಡೋರ್ಫ್ ಪ್ರದೇಶದ ಶುಟ್ಸ್‌ಪೊಲಿಟ್ಸೈಯೆಂದು ಓದಬೇಕು. ನಮ್ಮ ಶಾಸನಗಳಲ್ಲಿ ನಾಡು, ವಿಷಯ, ಗ್ರಾಮ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮವೇ ಇಲ್ಲಿಯೂ ಇರುವದು.

ಈ ಪಿಸ್ತೂಲುಗಳಲ್ಲಿ ಅಕ್ಷರವಲ್ಲದ ಸಾಕ್ಷ್ಯವೂ ಒಂದುಂಟು. ಲೂಗರಿನ ಪಕ್ಕದ ಮುಚ್ಚಳವನ್ನು ತೆಗೆದ ಮೇಲೂ, ಒಳಗೆ ತೋಟಾ ಉಳಿದಿದ್ದರೆ, ಮಗ್ಗುಲಲ್ಲಿರುವ ಕೀಲುಪಟ್ಟಿಯನ್ನು ಒತ್ತಿದರೆ ಗುಂಡು ಹಾರುವ ಸಂಭವವಿತ್ತು. ಇದನ್ನು ತಡೆಯಲು 1930ರ ದಶಕದ ಆದಿಯಲ್ಲಿ ಪೊಲೀಸರು ಆ ಪಟ್ಟಿಗೆ ಒಂದು ಚಿಕ್ಕ ತಡೆಯನ್ನು ಜೋಡಿಸಿದರು. ಈ ಜೋಡಣೆಯು, ಅಥವಾ ಅದಕ್ಕಾಗಿ ಕೊರೆದ ರಂಧ್ರವು ಕಂಡರೆ ಪೊಲೀಸು ಸ್ವಾಮ್ಯಕ್ಕೆ ಬಲವಾದ ಲಿಂಗವು ದೊರೆತಂತಾಯಿತು.

1936ರಲ್ಲಿ ಜರ್ಮನಿಯ ಪೊಲೀಸು ದಳಗಳೆಲ್ಲ ಒಂದೇ ಕೇಂದ್ರಾಧಿಕಾರಕ್ಕೆ ಒಳಪಟ್ಟವು. ಅನಂತರ ಕಾಣುವದು ರೆಕ್ಕೆ ಬಿಚ್ಚಿದ ಹದ್ದಿನೊಡನೆ ‘ಸಿ’, ‘ಎಫ್’, ‘ಎಲ್’ ಎಂಬ ಅಕ್ಷರಗಳುಳ್ಳ ಪೊಲೀಸು ಸ್ವೀಕಾರಮುದ್ರೆ. ‘ಸಿ’ ಮತ್ತು ‘ಎಫ್’ ವಾಲ್ಥರ್ ಕಂಪನಿಯ ಪಿಸ್ತೂಲುಗಳ ಎಡಮಗ್ಗುಲಲ್ಲಿ ಕಾಣುವವು. ‘ಎಲ್’ ಮತ್ತು ‘ಎಫ್’ ಮೌಸರ್ ಕಾರ್ಖಾನೆಯ ಲೂಗರಗಳಲ್ಲಿ ಕಾಣುವವು. ಇದೇ ಹದ್ದಿನ ಜತೆಗೆ ‘ಎನ್’ ಎಂದಿದ್ದರೆ ಮಾತ್ರ ಅರ್ಥವು ಪೂರ್ತಿ ಬೇರೆ. ಅದು 1939ರ ಕಾಯಿದೆಯಂತೆ 1940ರಿಂದ ಜಾರಿಗೆ ಬಂದ ಪರೀಕ್ಷಾಮುದ್ರೆ. ಅದಕ್ಕೆ ಮೊದಲು ಅದೇ ಸ್ಥಾನದಲ್ಲಿ ಕಿರೀಟದ ಕೆಳಗಣ ‘ಎನ್’ ಇತ್ತು. ಪೇಟೆಯಲ್ಲಿ ಕೊಂಡ ಖಾಸಗಿ ಪಿಸ್ತೂಲಿಗೂ ಇದು ಇರುವದು. ಹದ್ದಿನೊಡನೆ ಅಂಕಿಯಿದ್ದರೆ, ಉದಾಹರಣೆಗೆ ವಾಲ್ಥರ್ ಮಾಲಿನ ಮೇಲೆ ‘359’, ಅದು ಸೇನೆಯ ತಪಾಸಣೆಯದು.

ವಾಲ್ಥರ್ ಕಂಪನಿಯ ‘ಪಿ. ಪಿ.’ (1929) ಮತ್ತು ‘ಪಿ. ಪಿ. ಕೆ.’ ಎಂಬ ಮಾದರಿಗಳ ಹೆಸರಿನಲ್ಲಿಯೇ ‘ಪೊಲೀಸು ಪಿಸ್ತೂಲು’ ಎಂಬರ್ಥವು ಅಡಗಿರುವದರಿಂದ ಮತ್ತೆ ಸಮಾಖ್ಯೆಯ ಭ್ರಾಂತಿಯುಂಟಾಗುವದು. ಈ ಮಾದರಿಗಳನ್ನು ಕಂಪನಿಯು ಸಾರ್ವಜನಿಕರಿಗೂ ಮಾರಿತು. ಅದೇ ಮಾದರಿಯ ಮೇಲೆ ‘ಪಿ. ಡಿ. ಎಂ.’ ಎಂದಿದ್ದರೆ ಮ್ಯೂನಿಕ್ ನಗರದ ಪೊಲೀಸು ಕಚೇರಿಯ ಸ್ವಾಮ್ಯ, ‘ಆರ್. ಎಫ್. ವಿ.’ ಎಂದಿದ್ದರೆ ಅರ್ಥಖಾತೆಯ ಸ್ವಾಮ್ಯ, ಪೊಲೀಸರದಲ್ಲ, ‘ಆರ್. ಜೆಡ್. ಎಂ.’ ಎಂದಿದ್ದರೆ ನಾಜಿ ಪಕ್ಷದ ಸಾಮಗ್ರಿ ಕಚೇರಿಯದು. ಒಂದೇ ಕಾರ್ಖಾನೆ, ಒಂದೇ ಮಾದರಿ, ಒಂದೇ ಕಾಲ. ಒಡೆಯರು ಮಾತ್ರ ಬೇರೆ ಬೇರೆ.

ಸಂದಿಗ್ಧ ಮುದ್ರೆಯ ಶುದ್ಧಿ

ಮುದ್ರೆಯ ಅರ್ಥವು ತಿಳಿದರೂ ಅದು ನಿಜವಾದುದೋ ಕೃತಕವೋ ಎಂಬ ಪ್ರಶ್ನೆಯು ಉಳಿಯುವದು. ಪೊಲೀಸು ಮುದ್ರೆಯುಳ್ಳ ಪಿಸ್ತೂಲಿಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಬೆಲೆಯಿದ್ದಲ್ಲಿ ಕೂಟವೂ ಇರುವದು. ಹಲಗಲಿಯ ಲಾವಣಿಯನ್ನು ಉಳಿಸಿದ ಫ್ಲೀಟರೇ ಕೂಟಶಾಸನಗಳ ಪಟ್ಟಿಯನ್ನು 1901ರಲ್ಲಿ ಪ್ರಕಟಿಸಿ, ತಾಮ್ರಪಟದ ಮೇಲಿದ್ದ ಮಾತ್ರಕ್ಕೆ ಮಾತು ಸತ್ಯವಾಗದೆಂದು ತೋರಿಸಿದರು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂದೇಹಾಸ್ಪದವಾದ ಲೇಖ್ಯವನ್ನು ಶೋಧಿಸುವ ಹೇತುಗಳನ್ನು ಎಣಿಸಿರುವದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅವುಗಳನ್ನು ವಿವರಿಸಿರುವನು. ಅವುಗಳಲ್ಲಿ ಪ್ರಾಪ್ತಿ, ಚಿಹ್ನ, ಸಂಬಂಧ, ಆಗಮ ಎಂಬ ನಾಲ್ಕು ನಮ್ಮ ವಿಷಯಕ್ಕೆ ನೇರವಾಗಿ ಹೊಂದುವವು.

ಪ್ರಾಪ್ತಿಯೆಂದರೆ ಈ ದೇಶದಲ್ಲಿ, ಈ ಕಾಲದಲ್ಲಿ, ಇಂಥವನಿಗೆ ಇಂಥ ವಸ್ತುವು ಇರಲು ಸಾಧ್ಯವೇ ಎಂಬ ವಿಚಾರ. ಆಯುಧವು ಮುದ್ರೆಗಿಂತ ಹಳೆಯದಿರಬಹುದು. ಮುದ್ರೆಯು ಆಯುಧಕ್ಕಿಂತ ಹಳೆಯದಿರಲಾರದು. ಚಾಲುಕ್ಯರ ಬಾದಾಮಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ಶಾಸನವಿರುವದು. ಅದರಿಂದ ಊರು ಪಲ್ಲವರು ಕಟ್ಟಿದುದೆಂದು ಆಗದು, ಅವರ ಕೈಗೆ ಬಂದಿತ್ತೆಂದು ಮಾತ್ರ ಆಗುವದು. ಹಾಗೆಯೇ 1917ರಲ್ಲಿ ಹುಟ್ಟಿದ ಪಿಸ್ತೂಲಿನ ಮೇಲೆ 1922ರ ನಿಯಮದ ಪೊಲೀಸು ಮುದ್ರೆಯಿದ್ದರೆ ವಿರೋಧವಿಲ್ಲ. ಆದರೆ ಕ್ರಮಸಂಖ್ಯೆಯಿಂದ ಯುದ್ಧಕಾಲದ ಮಾಲೆಂದು ಸಿದ್ಧವಾದ ಪಿಸ್ತೂಲಿನ ಮೇಲೆ ಹಿಂದಿನ ಪ್ರಾಂತದ ದಳದ ಮುದ್ರೆಯಿದ್ದರೆ ಸಂಶಯಕ್ಕೆ ಕಾರಣವುಂಟು.

ಚಿಹ್ನವೆಂದರೆ ಮುದ್ರೆಯ ರೂಪ. ಉಕ್ಕಿನ ಅಚ್ಚಿನಿಂದ ಬಡಿದೊತ್ತಿದಾಗ ಲೋಹವು ಪಕ್ಕಕ್ಕೆ ಸರಿದು ಅಕ್ಷರದ ಅಂಚು ತುಸು ಎದ್ದು ನಿಲ್ಲುವದು; ಉಳಿಯಿಂದ ಕೊರೆದರೆ ಲೋಹವು ಹೋಗುವದು, ಅಂಚು ಏಳುವದಿಲ್ಲ. ಪಿಸ್ತೂಲಿನ ಮೇಲ್ಮೈಯನ್ನು ಮತ್ತೆ ತಿಕ್ಕಿ ಹೊಸ ಬಣ್ಣ ಕೊಟ್ಟಿದ್ದರೆ ಹಳೆಯ ಅಕ್ಷರಗಳು ತೇಲಿ ಮಸುಕಾಗುವವು, ಮೂಲೆಗಳು ದುಂಡಗಾಗುವವು. ಎಲ್ಲವೂ ಮಸುಕಾಗಿರುವಲ್ಲಿ ಪೊಲೀಸು ಮುದ್ರೆಯೊಂದೇ ಚೂಪಾಗಿದ್ದರೆ ಅದು ಅನಂತರ ಬಿದ್ದುದು. ಇಳಕಲ್ಲ ಸೀರೆಯನ್ನು ಬಲ್ಲವರು ಸೆರಗಿನ ಬಣ್ಣವನ್ನು ಮೊದಲು ನೋಡುವದಿಲ್ಲ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿರುವ ಸ್ಥಳವನ್ನು ನೋಡುವರು. ಇಲ್ಲಿಯೂ ಮುದ್ರೆಯು ಲೋಹಕ್ಕೆ ಕೂಡಿಕೊಂಡಿರುವ ಸ್ಥಳವೇ ಮುಖ್ಯ.

ಸಂಬಂಧವೆಂದರೆ ಮುದ್ರೆಗಳು ಪರಸ್ಪರ ಒಪ್ಪುವವೋ ಎಂಬ ವಿಚಾರ. ಲೂಗರಿನ ಬಿಡಿಭಾಗಗಳ ಮೇಲೆ ಕ್ರಮಸಂಖ್ಯೆಯ ಅಂಕಿಗಳಿರುವವು. ಪೊಲೀಸರು ತೋಟಾಪೆಟ್ಟಿಗೆಗೂ ಪಿಸ್ತೂಲಿನದೇ ಸಂಖ್ಯೆಯನ್ನು ಹಾಕಿ, ಒಂದನೆಯದು ಎರಡನೆಯದು ಎಂದು ಗುರುತು ಮಾಡಿದುದುಂಟು. ಸಂಖ್ಯೆಗಳೆಲ್ಲ ಕೂಡಿದರೆ ಸಾಕ್ಷಿಗಳು ಒಂದೇ ಮಾತು ಹೇಳಿದಂತೆ. ಆಗಮವೆಂದರೆ ವಸ್ತುವು ಬಂದ ಬಗೆ: ಯಾರಿಂದ, ಯಾವ ಪರವಾನಿಗೆಯಿಂದ, ಯಾವ ಕಾಗದದಿಂದ. ವಿಮೋಚನಮುದ್ರೆಯೂ ಆಗಮದ ಅಂಗವೇ. ಈ ನಾಲ್ಕರಲ್ಲಿ ಮೂರಾದರೂ ಕೂಡಿಬಾರದೆ ‘ಇದು ಇಂಥ ಪೊಲೀಸರ ಪಿಸ್ತೂಲು’ ಎಂದು ನಿರ್ಣಯಿಸಬಾರದು.

ಇಟ್ಟುಕೊಂಡವರ ಕರ್ತವ್ಯ

ಈ ವಿಚಾರವು ಪುಸ್ತಕದಲ್ಲಿಯೇ ಮುಗಿಯುವಂಥದಲ್ಲ. ಭಾರತದ 1959ರ ಆಯುಧ ಕಾಯಿದೆಯ 8ನೆಯ ಕಲಮು ಬಂದೂಕು ಪಿಸ್ತೂಲುಗಳ ಮೇಲಣ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವದನ್ನೂ ತಿದ್ದುವದನ್ನೂ ಕೃತಕವಾಗಿ ಹಾಕುವದನ್ನೂ ನಿಷೇಧಿಸಿರುವದು. ಅಷ್ಟೇ ಅಲ್ಲ, ಅಳಿಸಿದ ಗುರುತಿನ ಆಯುಧವು ಯಾರ ವಶದಲ್ಲಿ ಸಿಕ್ಕುವದೋ ಅವನೇ ಅಳಿಸಿದನೆಂದು, ಬೇರೆ ಸಿದ್ಧವಾಗುವ ವರೆಗೆ, ಕಾಯಿದೆಯು ಭಾವಿಸುವದು. ತುಕ್ಕು ತೆಗೆಯುವೆವೆಂದು ಮರಳುಕಾಗದದಿಂದ ಉಜ್ಜುವ ಗೃಹಸ್ಥನು ಇದನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ಹಳೆಯ ಕಾಲದ್ದೆಂಬ ಮಾತ್ರಕ್ಕೆ ಪಿಸ್ತೂಲು ಕಾಯಿದೆಯ ಹೊರಗೆ ಹೋಗುವದೂ ಇಲ್ಲ. 45ನೆಯ ಕಲಮಿನ ವಿನಾಯಿತಿಯು, ದುರಸ್ತಿ ಮಾಡಿದರೂ ಹಾರಿಸಲು ಬಾರದಂಥ ಪುರಾತನ ಆಯುಧಗಳಿಗೆ ಸಲ್ಲುವದು. ಹಾರುವ ಪಿಸ್ತೂಲಿಗೆ ಪರವಾನಿಗೆಯು ಬೇಕೇ ಬೇಕು.

ಆದಕಾರಣ ಹಳೆಯ ಪಿಸ್ತೂಲು ಕಂಡಲ್ಲಿ ಮೊದಲು ಅದರಲ್ಲಿ ತೋಟಾ ಇಲ್ಲವೆಂಬದನ್ನು ತಿಳಿದವರಿಂದ ಖಚಿತಪಡಿಸಿಕೊಂಡು, ಪರವಾನಿಗೆಯ ಸ್ಥಿತಿಯನ್ನು ಅಧಿಕಾರಿಗಳಲ್ಲಿ ವಿಚಾರಿಸಬೇಕು. ಅನಂತರ ಮೆತ್ತನೆಯ ಅರಿವೆಯಿಂದ ಧೂಳನ್ನಷ್ಟೆ ಒರಸಿ, ಓರೆಯಾಗಿ ಬೆಳಕು ಬೀಳುವಂತೆ ಇಟ್ಟು, ಪ್ರತಿಯೊಂದು ಮುದ್ರೆಯ ಛಾಯಾಚಿತ್ರವನ್ನು ತೆಗೆಯಬೇಕು. ತೆಳು ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ತಿಕ್ಕಿದರೆ, ಶಿಲಾಶಾಸನದ ಪ್ರತಿಯನ್ನು ತೆಗೆದಂತೆಯೇ, ಮಸುಕಾದ ಅಕ್ಷರವೂ ಏಳುವದು. ಮುದ್ರೆ ಏನು ಎಂಬದನ್ನಲ್ಲದೆ, ಎಲ್ಲಿರುವದು, ಯಾವುದರ ಪಕ್ಕದಲ್ಲಿರುವದು, ಯಾವುದರ ಮೇಲೆ ಬಿದ್ದಿರುವದು ಎಂಬದನ್ನೂ ಬರೆದಿಡಬೇಕು.

ಹಲಗಲಿಯವರು ಹಿಡಿದ ಆಯುಧಗಳ ಮೇಲೆ ಯಾವ ಇಲಾಖೆಯ ಅಂಕಿತವೂ ಬೇಕಾಗಿರಲಿಲ್ಲ. ಅವರ ಹೆಸರುಗಳು ಲಾವಣಿಯಿಂದ ಉಳಿದುವು. ಅವರನ್ನಡಗಿಸಿದ ರಾಜ್ಯಯಂತ್ರದ ಹೆಸರುಗಳು ಕಬ್ಬಿಣದ ಮೇಲೆ, ಬಾಣವಾಗಿ, ಸಿಂಹವಾಗಿ, ಕಿರೀಟವಾಗಿ ಉಳಿದಿರುವವು. ಇತಿಹಾಸಕ್ಕೆ ಈ ಎರಡು ಬಗೆಯ ಸಾಕ್ಷ್ಯಗಳೂ ಬೇಕು. ಮೊದಲನೆಯದನ್ನು ನಮ್ಮ ಜಾನಪದ ವಿದ್ವಾಂಸರು ಕಾಪಾಡಿರುವರು. ಎರಡನೆಯದು ಮನೆಮನೆಯ ಪೆಟ್ಟಿಗೆಗಳಲ್ಲಿ, ತುಕ್ಕಿನ ಕೆಳಗೆ, ಓದುವವರ ದಾರಿಯನ್ನು ಕಾಯುತ್ತಿರುವದು. ಅದನ್ನು ಉಜ್ಜದೆ, ಊಹಿಸದೆ, ಕ್ರಮದಿಂದ ಓದಬೇಕೆಂಬದೇ ವಾಚಕರಲ್ಲಿ ನಮ್ಮ ವಿಜ್ಞಾಪನೆ.